ರೋಡ್ ಬೈಕ್ ಸೈಕಲ್‌ಗೆ 62,000 ಕೊಟ್ಟು ಕಾರ್ಬನ್ ವೀಲ್ ಹಾಕಿಸಬೇಕಾ? ದುಡ್ಡಿಗೆ ತಕ್ಕ ಲಾಭ ಇದೆಯಾ?

ಯಲಹಂಕ ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು ಅಲ್ಯೂಮಿನಿಯಂ ಫ್ರೇಮಿನ ರೋಡ್ ಬೈಕ್. ಡಿಸ್ಕ್ ಬ್ರೇಕ್, ಶಿಮಾನೊ ಟಿಯಾಗ್ರಾ 10 ಸ್ಪೀಡ್ ಗೇರ್. ವೀಲ್‌ಗಳು ಬೈಕ್ ಜೊತೆ ಬಂದವೇ. ಟೈರ್ ಕೂಡ ಹಳೆಯವೇ, 28 ಎಂಎಂ, ಅಂಚಿನೊಳಗೆ ತಂತಿ ಇರುವವು. ಮೊನ್ನೆ ಟೈರ್, ಟ್ಯೂಬ್, ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಗುಚ್ಛ), ರೋಟರ್ (ಡಿಸ್ಕ್ ಬ್ರೇಕಿನ ತಟ್ಟೆ) ಎಲ್ಲ ಕಳಚಿ ಬರೀ ವೀಲ್ ತೂಗಿದೆ. ಜೋಡಿ 2.1 ಕೆಜಿ ಬಂತು.

ವಾರಾಂತ್ಯದಲ್ಲಿ ದೇವನಹಳ್ಳಿ ಮೇಲೆ ನಂದಿ ಬೆಟ್ಟಕ್ಕೆ ಹೋಗುತ್ತೇನೆ. ಬೆಟ್ಟ ಹತ್ತಲು 32 ನಿಮಿಷ ಬೇಕು. 30ರ ಒಳಗೆ ಬರಬೇಕು ಅಂತ ಆಸೆ. ಸಮತಟ್ಟಾದ ರಸ್ತೆಯಲ್ಲಿ ಸರಾಸರಿ ಗಂಟೆಗೆ 26 ಕಿ.ಮೀ. ನಾನು, ಬೈಕು, ಎರಡು ಬಾಟಲಿ ನೀರು ಎಲ್ಲ ಸೇರಿ 86 ಕೆಜಿ.

ಗೊತ್ತಿರುವ ಅಂಗಡಿಯಲ್ಲಿ 50 ಎಂಎಂ ಆಳದ ರಿಮ್ ಇರುವ ಕಾರ್ಬನ್ ವೀಲ್ ಜೋಡಿಗೆ 62,000 ಹೇಳಿದ್ದಾರೆ. ತೂಕ 1.5 ಕೆಜಿ. ದುಡ್ಡು ಕೂಡಿಟ್ಟಿದ್ದೇನೆ. ಆದರೆ ಈ ಬೈಕಿಗೆ ಅಷ್ಟು ಸುರಿಯುವುದು ಸರಿಯಾ ಅಂತ ಮನಸ್ಸು ಒಪ್ಪುತ್ತಿಲ್ಲ. ಬಳಸಿದವರು ಹೇಳಿ.

ಹೆಬ್ಬಾಳ ಹೈಸ್ಪೀಡ್

ಹಾಕಿಸಿಬಿಡಿ ಗುರು. ಬೈಕ್ ನೋಡೋಕೇ ಬೇರೆ ಥರ ಆಗುತ್ತದೆ. ದುಡ್ಡು ಇದೆ, ಆಸೆ ಇದೆ, ಇನ್ನೇನು ಯೋಚನೆ?

ಫಿಸಿಕ್ಸ್ ಮೇಷ್ಟ್ರು, ತುಮಕೂರು

ಹಾಕಿಸುವ ಮುಂಚೆ ಒಂದು ಸಲ ಲೆಕ್ಕ ನೋಡೋಣ.

ವೀಲ್ ಬದಲಿಸಿದರೆ ನಿಮಗೆ ಉಳಿಯುವುದು 600 ಗ್ರಾಂ. 86 ಕೆಜಿಯಲ್ಲಿ ಅದು ನೂರಕ್ಕೆ 0.7. ಏರಿನಲ್ಲಿ ಶಕ್ತಿ ಬಹುಪಾಲು ತೂಕ ಎತ್ತುವುದಕ್ಕೇ ಖರ್ಚಾಗುತ್ತದೆ. ಹಾಗಾಗಿ ಸಮಯ ಉಳಿಯುವುದೂ ಹೆಚ್ಚೆಂದರೆ ಅಷ್ಟೇ ಪಾಲು. 32 ನಿಮಿಷದಲ್ಲಿ 13 ಸೆಕೆಂಡ್. 62,000ಕ್ಕೆ 13 ಸೆಕೆಂಡ್.

ಈಗ ಟೈರ್ ಲೆಕ್ಕ ನೋಡಿ. ಬೈಕ್ ಜೊತೆ ಬರುವ ದಪ್ಪ ಟೈರ್‌ಗಳ ರೋಲಿಂಗ್ ರೆಸಿಸ್ಟೆನ್ಸ್, ಅಂದರೆ ಉರುಳುವಾಗಿನ ತಡೆಯ ಸಂಖ್ಯೆ, 0.007ರ ಆಸುಪಾಸು ಇರುತ್ತದೆ. ಒಳ್ಳೆಯ ರೇಸ್ ಟೈರ್, ಅಂದರೆ ಕಾಂಟಿನೆಂಟಲ್ ಜಿಪಿ 5000 ಥರದ್ದು, 0.004ರ ಹತ್ತಿರ. ವ್ಯತ್ಯಾಸ 0.003. ನಿಮ್ಮ 86 ಕೆಜಿ ಅಂದರೆ ಸುಮಾರು 843 ನ್ಯೂಟನ್ ಭಾರ. ಅದಕ್ಕೆ 0.003 ಗುಣಿಸಿದರೆ ಎರಡೂವರೆ ನ್ಯೂಟನ್ ಎಳೆತ. 26ರ ವೇಗದಲ್ಲಿ ಇದು 18 ವಾಟ್. ನೀವು ಆ ವೇಗಕ್ಕೆ ಹಾಕುತ್ತಿರುವುದೇ 120 ವಾಟ್ ಆಸುಪಾಸು ಇರಬೇಕು. ಅದರಲ್ಲಿ 18 ಸುಮ್ನೆ ರಬ್ಬರ್ ಬಿಸಿ ಮಾಡಲು ಹೋಗುತ್ತಿದೆ.

ನಂದಿ ಏರಿಗೂ ಇದೇ ಲೆಕ್ಕ ಹಾಕಿ. ಅಲ್ಲಿ ನಿಮ್ಮ ವೇಗ ಗಂಟೆಗೆ 14ರಷ್ಟು. ಟೈರ್‌ನಿಂದ ಉಳಿಯುವುದು 10 ವಾಟ್. ನೀವು 200 ವಾಟ್ ಹಾಕಿ ಹತ್ತುತ್ತಿದ್ದೀರಿ ಅಂದುಕೊಂಡರೆ ನೂರಕ್ಕೆ 5. ಅಂದರೆ ಒಂದೂವರೆ ನಿಮಿಷ. ಲ್ಯಾಬಿನ ಡ್ರಮ್ ಬೇರೆ, ನಮ್ಮ ರಸ್ತೆ ಬೇರೆ, ಒಪ್ಪುತ್ತೇನೆ. ಅರ್ಧ ಕಳೆದುಬಿಡಿ. ಆಗಲೂ ಮುಕ್ಕಾಲು ನಿಮಿಷ. ಬೆಟ್ಟ ಹತ್ತುವುದಕ್ಕೂ ವೀಲ್‌ಗಿಂತ ಟೈರೇ ಜಾಸ್ತಿ ಲಾಭ ಕೊಡುತ್ತದೆ ಅಂದರೆ ಜನ ನಂಬುವುದಿಲ್ಲ. ಆದರೆ ಅಂಕಿ ಹೇಳುವುದು ಅದನ್ನೇ.

ಎರಡು ಟೈರ್‌ಗೆ 10ರಿಂದ 12 ಸಾವಿರ ಆಗುತ್ತದೆ. ಮೊದಲು ಅದನ್ನು ಮಾಡಿ.

ಯಲಹಂಕ ಸವಾರ

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಟೈರ್ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಒಂದು ಅನುಮಾನ. ಅಂಗಡಿಯವರು "ತಿರುಗುವ ತೂಕ ಬೇರೆ, ನಿಂತ ತೂಕ ಬೇರೆ, ವೀಲ್‌ನಲ್ಲಿ ಒಂದು ಗ್ರಾಂ ಇಳಿಸಿದರೆ ಫ್ರೇಮಿನಲ್ಲಿ ಎರಡು ಗ್ರಾಂ ಇಳಿಸಿದ ಹಾಗೆ" ಅಂದರು. ಅದು ನಿಜವಾ?

ಫಿಸಿಕ್ಸ್ ಮೇಷ್ಟ್ರು, ತುಮಕೂರು

ವೇಗ ಏರಿಸುವಾಗ ಮಾತ್ರ ನಿಜ. ರಿಮ್ಮಿನ ಅಂಚಿನಲ್ಲಿರುವ ತೂಕ ಮುಂದಕ್ಕೂ ಹೋಗಬೇಕು, ತಿರುಗಲೂ ಬೇಕು. ಹಾಗಾಗಿ ಅದರ ವೇಗ ಏರಿಸಲು ಹೆಚ್ಚುಕಡಿಮೆ ಎರಡರಷ್ಟು ಶಕ್ತಿ ಬೇಕು. ಹಬ್‌ನಲ್ಲಿ, ಅಂದರೆ ವೀಲ್‌ನ ನಡುವಿನ ಭಾಗದಲ್ಲಿ, ಇರುವ ತೂಕಕ್ಕೆ ಈ ಮಾತು ಅನ್ವಯಿಸುವುದಿಲ್ಲ, ಅದು ಮಧ್ಯದಲ್ಲಿದೆ.

ನಿಮ್ಮ 600 ಗ್ರಾಂ ಪೂರ್ತಿ ರಿಮ್ಮಿನಲ್ಲೇ ಉಳಿಯಿತು ಅಂತಲೇ ಇಟ್ಟುಕೊಳ್ಳಿ. ಎರಡರಷ್ಟು ಅಂದರೆ 1.2 ಕೆಜಿ. 86ರಲ್ಲಿ ನೂರಕ್ಕೆ ಒಂದೂವರೆಯೂ ಇಲ್ಲ. ಅದೂ ವೇಗ ಏರುವ ಆ ಕೆಲವು ಸೆಕೆಂಡ್ ಮಾತ್ರ. ಒಂದೇ ಹದದಲ್ಲಿ ಬೆಟ್ಟ ಹತ್ತುವಾಗ ತಿರುಗುವ ತೂಕಕ್ಕೂ ನಿಮ್ಮ ಜೇಬಿನ ಮೊಬೈಲಿಗೂ ವ್ಯತ್ಯಾಸವೇ ಇಲ್ಲ.

ಗುಮ್ಮಟ ನಗರಿ ರೇಸರ್

ನಮಸ್ಕಾರ ರೀ. ವಿಜಯಪುರದಿಂದ. ಮೇಷ್ಟ್ರ ಲೆಕ್ಕ ಸರಿ ಇದೆ, ಆದರೆ ಅವರು ಬರೀ ತೂಕದ ಮೇಲೆ ಮಾತಾಡುತ್ತಿದ್ದಾರೆ. 50 ಎಂಎಂ ಗಾಲಿ ತಗೊಳ್ಳುವುದು ತೂಕಕ್ಕಲ್ಲ, ಗಾಳಿ ಸೀಳುವುದಕ್ಕೆ. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಸೈಕ್ಲಿಂಗ್ ಅಂದರೆ ಟೈಮ್ ಟ್ರಯಲ್ (ಗಡಿಯಾರದ ವಿರುದ್ಧ ಓಡುವ ರೇಸ್), ರೋಡ್ ರೇಸ್. ಇಲ್ಲಿನ ಕ್ರೀಡಾ ಹಾಸ್ಟೆಲ್ ಹುಡುಗರು ರೇಸಿನಲ್ಲಿ 40ರ ಮೇಲೆ ಇರುತ್ತಾರೆ. ಆ ವೇಗದಲ್ಲಿ ಒಂದೊಂದು ವಾಟೂ ಲೆಕ್ಕಕ್ಕೆ ಬರುತ್ತದೆ. ಸೆಕೆಂಡಿನ ಅಂತರದಲ್ಲಿ ಪದಕ ಹೋಗುತ್ತದೆ. ಅವರಿಗೆ ಒಳ್ಳೆಯ ಗಾಲಿ ಶೋಕಿ ಅಲ್ಲ.

ಆದರೆ ಇನ್ನೊಂದು ಮಾತೂ ಹೇಳಬೇಕು. ಇದೇ ಹುಡುಗರು ದಿನದ ತಾಲೀಮು ಮಾಡುವುದು 32 ಕಡ್ಡಿಯ ಸಾದಾ ಅಲಾಯ್ (ಅಲ್ಯೂಮಿನಿಯಂ) ಗಾಲಿಯಲ್ಲಿ. ಕಾರ್ಬನ್ ಹೊರಗೆ ಬರುವುದು ರೇಸ್ ದಿನ. ಗುಂಡಿ ಬಿದ್ದ ರಸ್ತೆಯಲ್ಲಿ ದಿನಾ ಓಡಿಸಿ ರಿಮ್ ಒಡೆದುಕೊಂಡರೆ ಯಾರು ಕೊಡಿಸುತ್ತಾರೆ?

ಫಿಸಿಕ್ಸ್ ಮೇಷ್ಟ್ರು, ತುಮಕೂರು

ರೇಸರ್ ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಒಂದು ವಿಷಯ ಸೇರಿಸಬೇಕು.

ಕಂಪನಿಗಳು "ಇಷ್ಟು ವಾಟ್ ಉಳಿಯುತ್ತದೆ" ಅನ್ನುವುದು ಹೆಚ್ಚಾಗಿ 45ರ ವೇಗಕ್ಕೆ. ಗಾಳಿಗೆ ಹೋಗುವ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. 45ರಲ್ಲಿ 15 ವಾಟ್ ಉಳಿಸುವ ವೀಲ್ 30ರಲ್ಲಿ ಉಳಿಸುವುದು ನಾಲ್ಕೂವರೆ ವಾಟ್. 26ಕ್ಕೆ ಬಂದರೆ ಮೂರು ವಾಟ್. ನಂದಿಯ 14ರಲ್ಲಿ ಅರ್ಧ ವಾಟೂ ಇಲ್ಲ. ಅದೇ ವೀಲ್, ಅದೇ ದುಡ್ಡು. ವೇಗ ಇದ್ದವರಿಗೆ ಲಾಭ ಇದೆ, ಇಲ್ಲದವರಿಗೆ ಇಲ್ಲ.

ಗಾಳಿಗೆ ಅಡ್ಡ ಬರುವುದರಲ್ಲಿ ಮುಕ್ಕಾಲು ಪಾಲು ಸವಾರನ ಮೈಯೇ. ಮೊಣಕೈ ಮಡಚಿ, ತಲೆ ತಗ್ಗಿಸಿ, ಪಟಪಟ ಹೊಡೆದುಕೊಳ್ಳುವ ಜರ್ಸಿ ಬದಲು ಮೈಗೆ ಅಂಟುವ ಜರ್ಸಿ ಹಾಕಿದರೆ 50 ಎಂಎಂ ವೀಲ್‌ಗಿಂತ ಜಾಸ್ತಿ ಉಳಿಯುತ್ತದೆ.

ಸ್ಪೋಕ್ ಮಾಸ್ಟರ್ ಮೈಸೂರು

ನಾನು ವೀಲ್ ಕಟ್ಟುವವನು. ಬೆಂಡ್ ತೆಗೆಯುವುದೇ ದಿನದ ಕೆಲಸ. ಎಲ್ಲರೂ ಹೊಸದರ ಬಗ್ಗೆ ಮಾತಾಡುತ್ತಿದ್ದೀರಿ, ಹಳೆಯದನ್ನು ಒಂದು ಸಲ ನೋಡಿ ಸ್ವಾಮಿ.

ಹಿಂದಿನ ವೀಲ್ ಬಿಚ್ಚಿ ಕೈಯಲ್ಲಿ ಹಿಡಿಯಿರಿ. ಹಬ್ಬಿನ ಎರಡೂ ತುದಿಗೆ ಬೆರಳು ಕೊಟ್ಟು ನಿಧಾನ ತಿರುಗಿಸಿ. ನುಣ್ಣಗೆ ತಿರುಗಿದರೆ ಸರಿ. ಹಿಟ್ಟಿನಲ್ಲಿ ಮರಳು ಸೇರಿದ ಹಾಗೆ ಕರಕರ ಅಂದರೆ ಒಳಗೆ ಗ್ರೀಸ್ ಸತ್ತಿದೆ. ಬೈಕ್ ಜೊತೆ ಬರುವ ಹಬ್‌ಗಳಲ್ಲಿ ಎಷ್ಟೋ ಸಲ ಕಾರ್ಖಾನೆಯಲ್ಲೇ ಗ್ರೀಸ್ ಕಮ್ಮಿ ಹಾಕಿ, ಕೋನ್ (ಬೇರಿಂಗ್ ಗುಂಡುಗಳನ್ನು ಒತ್ತಿ ಹಿಡಿಯುವ ಭಾಗ) ಬಿಗಿಯಾಗಿ ಕೂರಿಸಿರುತ್ತಾರೆ. ಬಿಚ್ಚಿದರೆ ಗ್ರೀಸ್ ಕಪ್ಪು ಮಸಿಯಾಗಿರುತ್ತದೆ, ಕೋನ್ ಮೇಲೆ ಸಣ್ಣ ಗುಂಡಿ ಬಿದ್ದಿರುತ್ತದೆ. ಗುಂಡಿ ಬಿದ್ದ ಕೋನ್ ಎಷ್ಟು ಗ್ರೀಸ್ ಹಾಕಿದರೂ ಸರಿಯಾಗಲ್ಲ, ಬದಲಿಸಬೇಕು. ಸೀಲ್ಡ್ ಬೇರಿಂಗ್ ಇದ್ದರೆ ಬೇರಿಂಗ್ ನಂಬರ್ ನೋಡಿ ಹೊಸದು ತಂದು ಹಾಕುವುದು, ಕೆಲವು ನೂರು ರೂಪಾಯಿ ಕೆಲಸ.

ಆಮೇಲೆ ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟಿ. ಹಿಂದಿನ ವೀಲ್‌ನಲ್ಲಿ ಕ್ಯಾಸೆಟ್ ಇರುವ ಕಡೆಯ ಕಡ್ಡಿಗಳು ಒಂದೇ ಥರ ಎತ್ತರದ ಸದ್ದು ಕೊಡಬೇಕು. ಎಡಗಡೆಯವು ಸ್ವಲ್ಪ ಕೆಳಗಿನ ಸದ್ದು. ಮಧ್ಯೆ ಒಂದು ಸಪ್ಪೆ ಅಂದರೆ ಅದು ಸಡಿಲ, ಅದರ ಪಕ್ಕದ್ದು ಒಂದು ದಿನ ತುಂಡಾಗುತ್ತದೆ. ಎಲ್ಲ ಕಡ್ಡಿ ಒಂದೇ ಬಿಗಿಗೆ ತಂದು, ಬೆಂಡ್ ತೆಗೆದು, ಹಬ್ ಸರ್ವಿಸ್ ಮಾಡಿದರೆ ಈ 2.1 ಕೆಜಿ ವೀಲ್ ಇನ್ನೂ ಎಷ್ಟೋ ವರ್ಷ ಓಡುತ್ತದೆ. "ವೀಲ್ ಭಾರ ಅನ್ನಿಸುತ್ತಿದೆ" ಅಂತ ಬಂದವರಲ್ಲಿ ಸುಮಾರು ಜನಕ್ಕೆ ಇದ್ದ ತೊಂದರೆ ಬೇರಿಂಗ್, ಇಲ್ಲವೇ ಡಿಸ್ಕ್ ಪ್ಯಾಡ್ ತಾಗುತ್ತಿರುವುದು. ಅವರಿಗೆ ಹೊಸ ವೀಲ್ ಮಾರಲು ನನಗೆ ಮನಸ್ಸು ಬರಲ್ಲ.

ಬ್ರೆವೆ ಅಕ್ಕ

ಸ್ಪೋಕ್ ಮಾಸ್ಟರ್ ಮಾತಿಗೆ ನನ್ನದೂ ಒಂದು ದನಿ. ನಾನು ಓಡಿಸುವುದು ಬ್ರೆವೆ, ಅಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 600 ಕಿ.ಮೀ.ಗೆ 40 ಗಂಟೆ. ಇಲ್ಲಿ ವೇಗಕ್ಕಿಂತ ನಿಲ್ಲದೆ ಓಡುವುದು ಮುಖ್ಯ. ರಾತ್ರಿ ಎರಡು ಗಂಟೆಗೆ ಶಿರಾ ದಾಟಿ ಹೆದ್ದಾರಿಯಲ್ಲಿ ಕಡ್ಡಿ ತುಂಡಾದರೆ ಏನು ಮಾಡುತ್ತೀರಿ ಅನ್ನುವುದೇ ನನ್ನ ಪ್ರಶ್ನೆ.

ಕೆಲವು ಕಾರ್ಬನ್ ವೀಲ್‌ಗಳಲ್ಲಿ ನಿಪ್ಪಲ್ (ಕಡ್ಡಿ ಬಿಗಿಯುವ ತುದಿಯ ತಿರುಪು) ರಿಮ್ಮಿನ ಒಳಗೆ ಅಡಗಿರುತ್ತದೆ. ಸ್ವಲ್ಪ ಬೆಂಡ್ ತೆಗೆಯಬೇಕಾದರೂ ಟೈರ್ ಬಿಚ್ಚಿ, ಟೇಪ್ ಕಿತ್ತು ಮಾಡಬೇಕು. ಟ್ಯೂಬ್‌ಲೆಸ್ ಆದರೆ ಒಳಗಿನ ಸೀಲಂಟ್ ದ್ರವ ಮೈಗೆಲ್ಲ. ಆ ಕಂಪನಿಯ ವಿಶೇಷ ಕಡ್ಡಿ ಹಳ್ಳಿ ಸೈಕಲ್ ಶಾಪ್‌ನಲ್ಲಿ ಸಿಗಲ್ಲ. ತುದಿ ಬಾಗಿದ ಸಾದಾ ಜೆ ಬೆಂಡ್ ಕಡ್ಡಿ ಆದರೆ ಬ್ಯಾಗಿನಲ್ಲಿ ಎರಡು ಇಟ್ಟುಕೊಳ್ಳಬಹುದು.

ಇನ್ನು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಮುಂಗಾರಿನಲ್ಲಿ ಅಲ್ಲಿ ಅಡ್ಡಗಾಳಿ ಬೀಸಿದರೆ ಆಳದ ಮುಂದಿನ ವೀಲ್ ಹ್ಯಾಂಡಲ್ಲನ್ನೇ ಎಳೆಯುತ್ತದೆ. ಅದರ ಮೇಲೆ ಲಾರಿಯೊಂದು ಪಕ್ಕದಲ್ಲೇ ಹಾದು ಹೋದಾಗ ಗಾಳಿ ಒಂದು ಕ್ಷಣ ನಿಂತು ಮತ್ತೆ ಬಡಿಯುತ್ತದೆ. ನೀವು ಹಗುರ ಇದ್ದರೆ ಇನ್ನೂ ಕಷ್ಟ. ನಾನು 55 ಕೆಜಿ. ಮುಂದಕ್ಕೆ 30 ಎಂಎಂ ಮೇಲೆ ಹೋಗುವುದಿಲ್ಲ.

ವೀಲ್ ಮೇಲೆ ದುಡ್ಡು ಹಾಕಲೇಬೇಕು ಅಂದರೆ ಬ್ರೆವೆ ಓಡಿಸುವವರು ಡೈನಮೋ ಹಬ್ ಇರುವ ಮುಂದಿನ ವೀಲ್ ಕಟ್ಟಿಸಲಿ. ರಾತ್ರಿಯಿಡೀ ಬೆಳಕು, ಬ್ಯಾಟರಿ ಚಿಂತೆ ಇಲ್ಲ. ಅದು ನಿಜವಾದ ಅಪ್‌ಗ್ರೇಡ್.

ಐಂಡ್‌ಹೋವನ್ ಕನ್ನಡಿಗ

ನೆದರ್ಲ್ಯಾಂಡ್ಸ್‌ನಿಂದ. ಇಲ್ಲಿ ಬೆಟ್ಟವೇ ಇಲ್ಲ, ಗಾಳಿ ಬೇಕಾದಷ್ಟು. ಗುಂಪಿನಲ್ಲಿ 35, 38ರಲ್ಲಿ ಹೋಗುವವರ ಬೈಕಿನಲ್ಲಿ ಆಳದ ವೀಲ್ ಸಾಮಾನ್ಯ. ಅಭ್ಯಾಸ ಆದರೆ ಅಡ್ಡಗಾಳಿ ಹೇಗೋ ನಿಭಾಯಿಸಬಹುದು. ಈಗಿನ ರಿಮ್‌ಗಳು ಅಗಲವಾಗಿ, ಮೂಗು ದುಂಡಗೆ ಬರುತ್ತವೆ. ಹಳೆಯ ಚೂಪು ರಿಮ್‌ಗಳಷ್ಟು ಎಳೆಯುವುದಿಲ್ಲ.

ನಾನು ಹೇಳಬೇಕಾದ್ದು ಬೇರೆ. ಕೊಳ್ಳುವ ಮುಂಚೆ ರಿಮ್ ಅಂಚಿನಲ್ಲಿ ಟೈರ್ ಹಿಡಿಯುವ ಹುಕ್ ಇರುವುದಾ, ಅದಿಲ್ಲದ ಹುಕ್‌ಲೆಸ್ಸಾ ಅಂತ ದಯವಿಟ್ಟು ಕೇಳಿ. ಹುಕ್‌ಲೆಸ್ ರಿಮ್‌ಗೆ ಗರಿಷ್ಠ ಒತ್ತಡ 5 ಬಾರ್, ಅಂದರೆ 72 ಪಿಎಸ್‌ಐ ಚಿಲ್ಲರೆ. ಅದಕ್ಕೆ ಒಪ್ಪುವ ಟೈರ್ ಪಟ್ಟಿ ಕಂಪನಿ ಕೊಡುತ್ತದೆ, ಅದರ ಹೊರಗೆ ಹೋಗುವ ಹಾಗಿಲ್ಲ. 2024ರ ಫೆಬ್ರವರಿಯಲ್ಲಿ ಯುಎಇ ಟೂರ್ ರೇಸಿನಲ್ಲಿ ಬೆಲ್ಜಿಯಂನ ಸೈಕ್ಲಿಸ್ಟ್ ಥಾಮಸ್ ಡಿ ಗೆಂಟ್ ಬಿದ್ದಾಗ ಟೈರ್ ಹುಕ್‌ಲೆಸ್ ರಿಮ್ಮಿನಿಂದ ಹೊರಗೆ ಬಂದಿತ್ತು. ಕಾರಣದ ಬಗ್ಗೆ ವಾದ ಇದೆ, ಕಲ್ಲಿಗೆ ಬಡಿದು ಹಾಗಾಯಿತು ಅಂತ ಟೈರ್ ಕಂಪನಿ ಹೇಳಿತು. ಆದರೆ ನಮ್ಮಲ್ಲಿ ಪಂಪ್ ಸಿಕ್ಕರೆ 110, 120 ಹೊಡೆಯುವ ರೂಢಿ ಇದೆಯಲ್ಲ, ಹುಕ್‌ಲೆಸ್‌ನಲ್ಲಿ ಅದು ನೇರ ಅಪಾಯ. ಹುಕ್ ಇರುವುದೇ ತಗೊಳ್ಳಿ, ನೆಮ್ಮದಿ.

ಹೆಬ್ಬಾಳ ಹೈಸ್ಪೀಡ್

ಎಲ್ಲರೂ ಸೇರಿ ಆಸೆಗೆ ತಣ್ಣೀರು ಎರಚುತ್ತಿದ್ದೀರಲ್ಲ! ನನ್ನ ಬೈಕಿನಲ್ಲಿ 45 ಎಂಎಂ ಕಾರ್ಬನ್ ಇದೆ. 30ರ ಮೇಲೆ ಹೋದಾಗ ವೀಲ್ ತಾನಾಗಿ ಓಡುವ ಹಾಗೆ ಅನ್ನಿಸುತ್ತದೆ. ಆ ಸದ್ದು ಕೇಳಿದರೆ ಇನ್ನೊಂದು ಗೇರ್ ಹಾಕೋಣ ಅನ್ನಿಸುತ್ತದೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಹೊರಡಲು ಅದೂ ಒಂದು ಕಾರಣ. ಲೆಕ್ಕದಲ್ಲಿ ನಾಲ್ಕು ವಾಟ್ ಇರಬಹುದು. ಆದರೆ ಮೊದಲು ವಾರಕ್ಕೊಮ್ಮೆ ಹೊರಡುತ್ತಿದ್ದವನು ಈಗ ಮೂರು ಸಲ ಹೋಗುತ್ತೇನೆ. ಅದರಿಂದ ಬಂದ ಕಾಲಿನ ಶಕ್ತಿ ಯಾವ ಲೆಕ್ಕದಲ್ಲಿ ಸೇರುತ್ತದೆ ಮೇಷ್ಟ್ರೇ?

ಫಿಸಿಕ್ಸ್ ಮೇಷ್ಟ್ರು, ತುಮಕೂರು

ಅದು ದೊಡ್ಡ ಲೆಕ್ಕವೇ. ವಾರಕ್ಕೆ ಮೂರು ಸಲ ಹೊರಟರೆ ಬರುವ ಶಕ್ತಿ ಯಾವ ವೀಲ್‌ಗಿಂತಲೂ ಜಾಸ್ತಿ. ಇಷ್ಟಪಟ್ಟು ಕೊಳ್ಳುವುದು ತಪ್ಪಲ್ಲ. ಯಲಹಂಕದವರು ಕೇಳಿದ್ದು ನಂದಿ 30 ನಿಮಿಷ, ಅದಕ್ಕೆ ನನ್ನ ಉತ್ತರ ಅದಾಗಿತ್ತು. ಚಂದಕ್ಕೆ, ಖುಷಿಗೆ ಅಂದಿದ್ದರೆ ನಾನು ಕ್ಯಾಲ್ಕುಲೇಟರ್ ತೆಗೆಯುತ್ತಲೇ ಇರಲಿಲ್ಲ.

ಮಲೆನಾಡ ಪೆಡಲ್

ತೀರ್ಥಹಳ್ಳಿಯಿಂದ ಒಂದು ಮಾತು, ರಿಮ್ ಬ್ರೇಕ್ ಬೈಕ್ ಇಟ್ಟುಕೊಂಡು ಓದುತ್ತಿರುವವರಿಗೆ. ಯಲಹಂಕದವರಿಗೆ ಡಿಸ್ಕ್ ಇದೆ, ಅವರಿಗೆ ಈ ಚಿಂತೆ ಇಲ್ಲ. ರಿಮ್ ಬ್ರೇಕಿಗೆ ಕಾರ್ಬನ್ ಹಾಕಿ ಆಗುಂಬೆ ಘಾಟಿ ಇಳಿಯುವುದು ಬೇರೆಯೇ ವಿಷಯ. ಒಂದಾದ ಮೇಲೆ ಒಂದು ಹೇರ್‌ಪಿನ್ ತಿರುವು, ಬ್ರೇಕ್ ಬಿಡಲು ಪುರುಸೊತ್ತೇ ಇಲ್ಲ. ಅಲ್ಯೂಮಿನಿಯಂ ರಿಮ್ ಬಿಸಿಯನ್ನು ಬೇಗ ಹೊರಗೆ ಬಿಡುತ್ತದೆ, ಕಾರ್ಬನ್ ಬಿಡುವುದಿಲ್ಲ. ಹೆಚ್ಚು ಬಿಸಿಯಾದರೆ ರಾಳ ಮೆತ್ತಗಾಗಿ ರಿಮ್ಮಿನ ಅಂಚೇ ಉಬ್ಬುತ್ತದೆ. ಮಳೆಯಲ್ಲಂತೂ ಹಿಡಿದ ಮೇಲೆ ಎರಡು ಕ್ಷಣ ಬ್ರೇಕೇ ಹತ್ತುವುದಿಲ್ಲ. ಘಾಟಿ ಕಡೆ ಓಡಿಸುವವರು ರಿಮ್ ಬ್ರೇಕ್ ಇದ್ದರೆ ಅಲಾಯ್‌ನಲ್ಲೇ ಇರಿ. ಶಿಮಾನೊ, ಫಲ್ಕ್ರಮ್, ಕ್ಯಾಂಪಾಗ್ನೊಲೊ ಇವರ 1.5, 1.6 ಕೆಜಿಯ ಅಲಾಯ್ ವೀಲ್ ಯಾವುದಕ್ಕೂ ಕಮ್ಮಿ ಇಲ್ಲ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬ್ರೇಕ್ ತಾಗುವ ಜಾಗ ಎಷ್ಟು ಸವೆದಿದೆ ಅಂತ ಬೆರಳಿಟ್ಟು ನೋಡಿ. ಒಳಗೆ ಕುಳಿ ಬಿದ್ದಿದ್ದರೆ ಬಿಟ್ಟುಬಿಡಿ.

ಯಲಹಂಕ ಸವಾರ

ಇವತ್ತು ಹಿಂದಿನ ವೀಲ್ ಬಿಚ್ಚಿ ಬೆರಳಲ್ಲಿ ತಿರುಗಿಸಿ ನೋಡಿದೆ. ಸ್ಪೋಕ್ ಮಾಸ್ಟರ್ ಹೇಳಿದ ಹಾಗೆಯೇ ಕರಕರ ಅನ್ನುತ್ತಿದೆ. ಮುಂದಿನದು ಪರವಾಗಿಲ್ಲ.

ಟೈರ್, ಟ್ಯೂಬ್, ಹಬ್ ಸರ್ವಿಸ್ ಮೊದಲು ಮಾಡಿಸುತ್ತೇನೆ. ಇದಂತೂ ತೀರ್ಮಾನ. ಆದರೆ ಮುಂದಿನ ವರ್ಷ ಈ 62,000 ಹಾಗೇ ಇದ್ದು, ನಾನು ಗುಂಪಿನಲ್ಲಿ 33, 34ರಲ್ಲಿ ಹೋಗುವ ಮಟ್ಟಕ್ಕೆ ಬಂದರೆ ಆಗ ವೀಲ್ ಕೊಳ್ಳುವೆ. ಆ ಅಂಗಡಿಯ ವೀಲ್ ನನ್ನ ಬೈಕಿಗೆ ನೇರವಾಗಿ ಕೂರುತ್ತದಾ? ರೋಟರ್ ಆರು ಬೋಲ್ಟಿನದು.

ಸ್ಪೋಕ್ ಮಾಸ್ಟರ್ ಮೈಸೂರು

ಆಕ್ಸಲ್ ಮೊದಲು ನೋಡಿ. ಈಗಿನ ಡಿಸ್ಕ್ ಬೈಕುಗಳಲ್ಲಿ ಸಾಮಾನ್ಯವಾಗಿ 12 ಎಂಎಂ ಥ್ರೂ ಆಕ್ಸಲ್ (ಹಬ್ ಒಳಗೆ ಹಾಯಿಸಿ ಫ್ರೇಮಿಗೆ ತಿರುಪುವ ದಪ್ಪ ಅಚ್ಚು), ಮುಂದೆ 100, ಹಿಂದೆ 142 ಅಗಲ. ಮೊದಮೊದಲ ಡಿಸ್ಕ್ ಬೈಕುಗಳಲ್ಲಿ ಲಿವರ್ ಮಡಚಿ ಬಿಗಿಯುವ ಕ್ವಿಕ್ ರಿಲೀಸ್ ಇರುತ್ತದೆ. ಹಾಗಿದ್ದರೆ ಹೊಸ ವೀಲ್‌ಗೆ ಹಬ್ ತುದಿಗೆ ಹಾಕುವ, ಅದಕ್ಕೆ ಹೊಂದುವ ಎಂಡ್ ಕ್ಯಾಪ್ ಸಿಗುತ್ತದಾ ಕೇಳಿ. ಸಿಗದಿದ್ದರೆ ಅಲ್ಲಿಗೆ ಮುಗಿಯಿತು.

ರೋಟರ್: ಕಾರ್ಬನ್ ವೀಲ್‌ಗಳಲ್ಲಿ ಹೆಚ್ಚಿನವು ಸೆಂಟರ್ ಲಾಕ್, ಅಂದರೆ ಬೋಲ್ಟ್ ಬದಲು ನಡುವೆ ಒಂದೇ ರಿಂಗ್‌ನಿಂದ ರೋಟರ್ ಬಿಗಿಯುವ ಥರದ್ದು. ನಿಮ್ಮ ಆರು ಬೋಲ್ಟಿನ ರೋಟರನ್ನು ಅಡಾಪ್ಟರ್ ಹಾಕಿ ಅದರ ಮೇಲೆ ಕೂರಿಸಬಹುದು. ಆದರೆ ಹೊಸ ಸೆಂಟರ್ ಲಾಕ್ ರೋಟರ್ ತಗೊಳ್ಳುವುದೇ ಚೆಂದ. ಆ ಖರ್ಚು 62,000ದ ಮೇಲೆ ಸೇರಿಸಿಕೊಳ್ಳಿ.

ಕ್ಯಾಸೆಟ್: ಹೊಸ ವೀಲ್‌ನಲ್ಲಿ ಸಾಮಾನ್ಯವಾಗಿ ಶಿಮಾನೊ 11 ಸ್ಪೀಡ್ ಫ್ರೀಹಬ್ (ಕ್ಯಾಸೆಟ್ ಕೂರುವ ಭಾಗ) ಇರುತ್ತದೆ. ಅದು ಹಳೆಯದಕ್ಕಿಂತ 1.85 ಎಂಎಂ ಉದ್ದ. ನಿಮ್ಮ 10 ಸ್ಪೀಡ್ ಕ್ಯಾಸೆಟ್ ಹಿಂದೆ ಅಷ್ಟೇ ದಪ್ಪದ ಸ್ಪೇಸರ್ ಉಂಗುರ ಹಾಕಬೇಕು. ಕೆಲವು 10 ಸ್ಪೀಡ್ ಕ್ಯಾಸೆಟ್‌ಗೆ ಇನ್ನೊಂದು 1 ಎಂಎಂ ಸ್ಪೇಸರ್ ಕೂಡ ಬೇಕು. ಹಾಕದಿದ್ದರೆ ಲಾಕ್ ರಿಂಗ್ ಬಿಗಿದರೂ ಕ್ಯಾಸೆಟ್ ಅಲ್ಲಾಡುತ್ತದೆ. ಗೇರ್ ಸರಿಯಿಲ್ಲ ಅಂತ ಚೈನ್ ಸರಿಸುವ ಡಿರೇಲರ್‌ನ ತಿರುಪು ತಿರುಗಿಸುತ್ತಾ ಕೂರುವವರನ್ನು ಎಷ್ಟೋ ಜನ ನೋಡಿದ್ದೇನೆ.

ಇನ್ನೊಂದು, ವಾರಂಟಿ ಯಾರು ಕೊಡುತ್ತಾರೆ ಅಂತ ಬರೆಸಿಕೊಳ್ಳಿ. ಹೊರದೇಶದಿಂದ ನೇರ ತರಿಸಿದ ವೀಲ್‌ನಲ್ಲಿ ಬಿರುಕು ಬಂದರೆ ವಾಪಸ್ ಕಳಿಸುವ ಖರ್ಚು, ಮತ್ತೆ ಬರುವಾಗ ಸುಂಕ, ಎಲ್ಲ ನಿಮ್ಮ ತಲೆ ಮೇಲೆ. ಅಂಗಡಿಯವರೇ ಹೊಣೆ ಅಂದರೆ ನಾಲ್ಕು ಸಾವಿರ ಜಾಸ್ತಿ ಆದರೂ ಅಲ್ಲೇ ಕೊಳ್ಳಿ.

ಯಲಹಂಕ ಸವಾರ

ಥ್ರೂ ಆಕ್ಸಲ್ಲೇ ಇದೆ. ರಿಮ್ ಒಳ ಅಗಲ 19 ಎಂಎಂ. ಹೊಸ ಟೈರ್ 28ದೇ ಆರ್ಡರ್ ಮಾಡಿದೆ. ಟ್ಯೂಬ್ ತೆಳು ಪ್ಲಾಸ್ಟಿಕ್ಕಿನ ಟಿಪಿಯು ತಗೊಳ್ಳಲಾ, ಸಾದಾ ಬ್ಯುಟೈಲ್ ರಬ್ಬರಿನದು ಸಾಕಾ? ಗಾಳಿ ಎಷ್ಟು ಹೊಡೆಯಲಿ? ಇಷ್ಟು ದಿನ 100 ಹೊಡೆಯುತ್ತಿದ್ದೆ.

ಬ್ರೆವೆ ಅಕ್ಕ

100 ಜಾಸ್ತಿ ಆಯಿತು. ನಿಮ್ಮ 86 ಕೆಜಿಗೆ, 28ರ ಟೈರ್‌ಗೆ, ಹಿಂದೆ 70ರಿಂದ 75, ಮುಂದೆ 65ರಿಂದ 70 ಇಟ್ಟು ನೋಡಿ. ನಮ್ಮ ರಸ್ತೆಯಲ್ಲಿ ಟೈರ್ ಕಲ್ಲಿನ ಹಾಗೆ ಗಟ್ಟಿ ಇದ್ದರೆ ಬೈಕು ಉರುಳುವುದಿಲ್ಲ, ಕುಣಿಯುತ್ತದೆ. ಆ ಕುಣಿತಕ್ಕೆ ಹೋಗುವುದೂ ನಿಮ್ಮ ಕಾಲಿನ ಶಕ್ತಿಯೇ.

ಟಿಪಿಯು ಒಂದಕ್ಕೆ 40 ಗ್ರಾಂ ಆಸುಪಾಸು, ಬ್ಯುಟೈಲ್ 100. ಉರುಳುವುದೂ ಚೆನ್ನಾಗಿ. ಡಿಸ್ಕ್ ಬ್ರೇಕ್ ಇರುವುದರಿಂದ ರಿಮ್ ಬಿಸಿಯ ಭಯ ಇಲ್ಲ, ಧಾರಾಳವಾಗಿ ಹಾಕಿ. ಆದರೆ ಬಿಡಿ ಟ್ಯೂಬ್ ಒಂದು ಬ್ಯುಟೈಲ್‌ದೇ ಬ್ಯಾಗಿನಲ್ಲಿರಲಿ. ಟಿಪಿಯುಗೆ ಅದರದೇ ಪ್ಯಾಚ್ ಬೇಕು, ದಾರಿಯ ಪಂಕ್ಚರ್ ಅಂಗಡಿಯ ರಬ್ಬರ್ ಸೊಲ್ಯೂಷನ್ ಅದಕ್ಕೆ ಹಿಡಿಯಲ್ಲ.

ಸ್ಪೋಕ್ ಮಾಸ್ಟರ್ ಮೈಸೂರು

ಹಬ್ ಬಿಚ್ಚಿಸಿದಾಗ ಕೋನ್ ಒರೆಸಿ ಬೆಳಕಿಗೆ ಹಿಡಿದು ಒಂದು ಫೋಟೋ ಇಲ್ಲಿ ಹಾಕಿ. ಗುಂಡಿ ಬಿದ್ದಿದೆಯಾ ನೋಡಿ ಹೇಳುತ್ತೇನೆ. ಗುಂಡುಗಳನ್ನು ಹಳೆಯದು ತೊಳೆದು ಹಾಕಲು ಬಿಡಬೇಡಿ, ಹೊಸದೇ ಹಾಕಿಸಿ, ಅದಕ್ಕೇನೂ ದೊಡ್ಡ ಖರ್ಚಿಲ್ಲ. ವೀಲ್ ಕೂರಿಸಿದ ಮೇಲೆ ರಿಮ್ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಕಟಕಟ ಅಂದರೆ ಕೋನ್ ಇನ್ನೂ ಸಡಿಲ ಇದೆ, ಅಲ್ಲೇ ನಿಂತು ಸರಿ ಮಾಡಿಸಿಕೊಂಡು ಬನ್ನಿ.